ನಾನೂರ ಹನ್ನೆರಡನೇ ಮರ

ನಾನೂರ ಹನ್ನೆರಡು. ಮೂರು ದಿನದಿಂದ ಈ ಸಂಖ್ಯೆ ಕಾವ್ಯಶ್ರೀಯ ತಲೆಯಿಂದ ಇಳಿದಿರಲಿಲ್ಲ. ಹಾಲಿನ ಪುಡಿ ಕಲಸುವಾಗ ಎಷ್ಟು ಚಮಚ ಹಾಕಿದೆನೆಂಬುದು ಮರೆತುಹೋಗಿ, ಚೆಲ್ಲಿ ಮತ್ತೆ ಕಲಸುತ್ತಿದ್ದಳು. ಜ್ವರ ಬಂತೇನೋ ಎಂದು ಮಗು ಹರ್ಷಿತಾಳ ಹಣೆಯನ್ನು ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದಳು. ಹಣೆ ತಣ್ಣಗೇ ಇತ್ತು.

ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಹುಣಸೂರಿಗೆ ಬಂದು ಎರಡು ವರ್ಷವಾಗಿತ್ತು. ಗಂಡ ಶಶಿ ತೇಗದ ಕಂಪನಿಯೊಂದರ ಏಜೆಂಟ್. ಸಾವಿರ ರೂಪಾಯಿ ಕಟ್ಟಿದವರ ಹೆಸರಿಗೆ ಹಂಪಾಪುರದ ಹತ್ತಿರದ ತೋಟದಲ್ಲಿ ಒಂದು ಸಸಿ. ಇಪ್ಪತ್ತು ವರ್ಷಕ್ಕೆ ಅದೇ ಐವತ್ತು ಸಾವಿರವಾಗುತ್ತದೆಂಬ ಮಾತು. ಸಸಿಗೊಂದು ನಂಬರಿನ ತಗಡು, ಕೊಂಡವರಿಗೆ ಅದೇ ನಂಬರಿನ ಬಾಂಡ್. ಬಸ್ ಸ್ಟ್ಯಾಂಡಿನ ಮುಂದೆ ಹೂ ಮಾರುವ ಮುದುಕಿ ತಿಮ್ಮಮ್ಮ ತನ್ನ ಬಾಂಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೇವರ ಪಟದ ಹಿಂದೆ ಇಟ್ಟಿದ್ದಳು. ರೈತ ಚಿಕ್ಕಬಸಪ್ಪ ಹೊಗೆಸೊಪ್ಪಿನ ಹರಾಜಿನ ದುಡ್ಡು ಕೈಗೆ ಬಂದ ದಿನವೇ ತಂದು ಕಟ್ಟಿದ್ದ.

ಮೂರು ದಿನದ ಹಿಂದೆ ಅಕ್ಕಿ ತೆಗೆಯಲು ಹೋದಾಗ ಡ್ರಮ್ಮಿನ ತಳದಲ್ಲಿ ಕಾವ್ಯಶ್ರೀಯ ಕೈಗೆ ಒಂದು ರಿಜಿಸ್ಟರ್ ತಗುಲಿತು. ಪ್ರತಿ ಮರದ ನಂಬರಿನ ಎದುರೂ ಎರಡು ಮೂರು ಹೆಸರು. ನಾನೂರ ಹನ್ನೆರಡರ ಎದುರು ತಿಮ್ಮಮ್ಮ, ಚಿಕ್ಕಬಸಪ್ಪ. ಮೂರನೆಯದು ಕಾವ್ಯಶ್ರೀಯ ತಾಯಿಯ ಹೆಸರು. ಅಕ್ಷರವೆಲ್ಲ ಶಶಿಯದೇ.

ಕೇಳಿದ್ದಕ್ಕೆ ಶಶಿ ಕೆನ್ನೆಗೆ ಬಾರಿಸಿದ. ತುಟಿ ಒಡೆದು ರಕ್ತ ಮಗುವಿನ ಟೋಪಿಯ ಮೇಲೆ ಬಿತ್ತು.

"ಓದಿದೀನಿ ಅಂತ ಮೆರೀಬೇಡ ಕಣೆ. ಬಾಂಡ್ ತಿರುಗ್ಸಿ ನೋಡು. ಸೆಬಿಗೆ ಮಾಹಿತಿ ಕೊಟ್ಟಿದೆ ಅಂತ ಅಚ್ಚಾಗದೆ."

ಹೂಡಿಕೆ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರದ ಸೆಬಿಗೆ ಮಾಹಿತಿ ಕೊಡುವುದು ಬೇರೆ, ಅದರ ಒಪ್ಪಿಗೆ ಸಿಗುವುದು ಬೇರೆ ಎಂದು ಅವಳಿಗೆ ಗೊತ್ತಿತ್ತು. ಹೂಡಿಕೆದಾರರ ದೂರು ಕೇಳುವ ಬೆಂಗಳೂರಿನ ಕಚೇರಿಯ ನಂಬರನ್ನು ಪೇಪರಿನಿಂದ ಕತ್ತರಿಸಿ ಪೌಡರ್ ಡಬ್ಬಿಯ ಕೆಳಗಿಟ್ಟಳು. ಎರಡು ಸಲ ಎಸ್‌ಟಿಡಿ ಬೂತಿನ ಬಾಗಿಲವರೆಗೆ ಹೋಗಿ ಹಿಂತಿರುಗಿದಳು. ಇವನು ಜೈಲಿಗೆ ಹೋದರೆ ಮಗುವಿನ ಗತಿ?

ಅಷ್ಟರಲ್ಲಿ ಕಂಪನಿಯ ಮೈಸೂರು ಆಫೀಸಿಗೆ ಬೀಗ ಬಿತ್ತು. ಮರುದಿನ ಬೆಳಿಗ್ಗೆಯೇ ಮಚ್ಚು, ಕೊಡಲಿ ಹಿಡಿದವರ ಟೆಂಪೋ ಮನೆ ಮುಂದೆ ನಿಂತಿತು.

"ನಮ್ ಮರ ನಾವು ಕಡ್ಕಂಡು ಬತ್ತೀವಿ. ತೋರ್ಸು ನಡಿಲಾ," ಎಂದು ಚಿಕ್ಕಬಸಪ್ಪ ಶಶಿಯ ಕಾಲರಿಗೆ ಕೈ ಹಾಕಿ ಎಳೆದ. ಇವನನ್ನು ಮತ್ತೆ ಜೀವಂತ ನೋಡುತ್ತೇನೋ ಇಲ್ಲವೋ ಎನ್ನಿಸಿ ಕಾವ್ಯಶ್ರೀಯೂ ಮಗುವನ್ನು ಎತ್ತಿಕೊಂಡು ಹತ್ತಿದಳು.

ದಾರಿಯುದ್ದಕ್ಕೂ ಅದೇ ಮಾತು.

"ಸರ್ಕಾರ ಒಪ್ದೆ ಇದ್ರೆ ಅದರ ಹೆಸರು ಅಚ್ಚಾಕಕ್ಕೆ ಬುಡ್ತಿದ್ರಾ?" ಎಂದ ಚಿಕ್ಕಬಸಪ್ಪ.

"ಸಿನಿಮಾ ಪೋಸ್ಟರ್ ಮ್ಯಾಲೂ ಅಚ್ಚಾಕಿರ್ತಾರೆ, ನೂರು ದಿನ ಅಂತ. ಒಳಕ್ಕೋದ್ರೆ ನೀನು, ಗೇಟಿನವ್ನು, ಇಬ್ರೇ," ಎಂದ ರಿಟೈರ್ಡ್ ಪೋಸ್ಟ್‌ಮ್ಯಾನ್ ನಿಂಗಯ್ಯ.

ತಿಮ್ಮಮ್ಮ ಮಡಿಲಿನ ಬಾಂಡನ್ನು ಸವರುತ್ತ ಹೇಳಿದಳು: "ನಾನು ಒಂದ್ ಗೇಣು ಊವ ಕಮ್ಮಿ ಅಳೆದ್ರೆ ಜುಟ್ಟು ಇಡೀತಾರೆ. ಸಾವಿರ ಜನದ ದುಡ್ಡು ಇಸ್ಕಂಡೋನ ತ್ವಾಟಕ್ಕೆ ಬಂದು ಮರ ಎಣಿಸೋರು ಒಬ್ರಾದ್ರೂ ಬ್ಯಾಡ್ವಾ?"

"ನಾವೇ ಬಂದು ಎಣಿಸ್ನಿಲ್ವಲ್ಲವ್ವ," ಎಂದ ನಿಂಗಯ್ಯ.

ತೋಟದ ಮರಗಳು ತೋಳಿಗಿಂತ ದಪ್ಪವಿರಲಿಲ್ಲ. ನಾನೂರ ಹನ್ನೆರಡರ ತಗಡು ಮೊದಲು ಕಂಡದ್ದು ಚಿಕ್ಕಬಸಪ್ಪನಿಗೆ. ಅವನು ಮಚ್ಚು ಎತ್ತುವಷ್ಟರಲ್ಲಿ ತಿಮ್ಮಮ್ಮ ಓಡಿ ಬಂದು ಕಾಂಡವನ್ನು ತಬ್ಬಿದಳು.

"ಮುಟ್ಬ್ಯಾಡ. ಇದು ನಂದು."

ಬೀಸಿದ ಮಚ್ಚು ನಿಲ್ಲಲಿಲ್ಲ. ಅವಳ ಎರಡು ಬೆರಳು ಒಣಗಿದ ತೇಗದೆಲೆಯ ಮೇಲೆ ಬಿದ್ದವು. ತಿಮ್ಮಮ್ಮ ಕೂಗಲೂ ಇಲ್ಲ. ಉಳಿದ ಬೆರಳುಗಳಿಂದ ಮರವನ್ನು ಹಿಡಿದೇ ಇದ್ದಳು. ರಕ್ತ ತಗಡಿನ ಮೇಲೆ ಹರಿದು ನಂಬರು ಮುಚ್ಚಿಹೋಯಿತು.

ಅತ್ತ ಬೇರೆ ಸಾಲುಗಳಲ್ಲೂ ಒಂದೊಂದು ಮರಕ್ಕೆ ಎರಡೆರಡು ಬಾಂಡ್ ಹೊರಬಂದವು. ಕೊಡಲಿಯ ಕಾವು, ಕಲ್ಲು, ಸಿಕ್ಕಿದ್ದರಲ್ಲಿ ಹೊಡೆದಾಡಿದರು. ಒಬ್ಬನ ಹಲ್ಲು ಉದುರಿತು. ನಿಂಗಯ್ಯನ ತಲೆ ಒಡೆದು ಅವನ ಬಿಳಿ ಅಂಗಿಯ ಬೆನ್ನು ಕೆಂಪಾಯಿತು.

"ನಿಲ್ಸ್ರಲಾ," ಎಂದು ಗದರಿದ ನಿಂಗಯ್ಯ. "ನಾವ್ ನಾವೇ ಯಾಕ್ ಸಾಯ್ಬೇಕು? ಮಾರ್ದೋನು ಅಲ್ಲೇ ಅವ್ನೆ."

ಶಶಿಯನ್ನು ಅದೇ ಮರಕ್ಕೆ ಕಟ್ಟಿದರು.

"ಯಾರ್ಯಾರಿಗೆ ಮಾರಿದ್ದೀಯ ಅಂತ ಬರ್ದಿರ್ತೀಯಲ್ಲ, ಆ ರಿಜಿಸ್ಟರ್ ಎಲ್ಲಲಾ?" ಎಂದ ನಿಂಗಯ್ಯ.

"ಸುಟ್ಟಾಕ್ದೆ," ಎಂದ ಶಶಿ. ಹೇಳುವಾಗ ಅವನ ಕಣ್ಣು ಕಾವ್ಯಶ್ರೀಯ ಮೇಲಿತ್ತು. ಅವಳು ಬಾಯಿ ಬಿಡಲಿಲ್ಲ. ಯಾರೋ ಅವನ ಮುಂಗೈ ಹಿಡಿದು ತಿರುಚಿದರು. ಮೂಳೆ ಮುರಿದ ಸದ್ದು ಅವಳಿಗೂ ಕೇಳಿಸಿತು. ಮಗುವಿನ ಮುಖವನ್ನು ಎದೆಗೆ ಒತ್ತಿಕೊಂಡಳು.

"ಮುದುಕಿ ಸಾಯ್ತಾವ್ಳೆ, ಮೊದ್ಲು ಆಸ್ಪತ್ರೆಗೆ ನಡೀರಿ," ಎಂದು ಟೆಂಪೋದವನು ಹಾರ್ನ್ ಒತ್ತಿ ಹಿಡಿದ. ಅವನು ಕೂಗದಿದ್ದರೆ ಶಶಿ ಅಲ್ಲೇ ಸಾಯುತ್ತಿದ್ದ.

ಹೊಡೆದವರು, ಹೊಡೆಸಿಕೊಂಡವರು ಎಲ್ಲರೂ ಒಂದೇ ಟೆಂಪೋದಲ್ಲಿ ಹಿಂತಿರುಗಿದರು. ಕಾವ್ಯಶ್ರೀ ಮಗುವಿನ ಟವೆಲನ್ನು ತಿಮ್ಮಮ್ಮನ ಕೈಗೆ ಸುತ್ತಿ ಅದುಮಿ ಹಿಡಿದಿದ್ದಳು.

"ಕಾವ್ಯವ್ವ, ಓದಿದೋಳು ನೀನು. ನಂದು ಅಂತ ಒಂದ್ ಮರ ಇತ್ತಾ, ಇಲ್ವಾ? ಅಷ್ಟು ಹೇಳು ಸಾಕು."

ಕಾವ್ಯಶ್ರೀ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಅದುಮಿದಳು. ಟವೆಲು ಬೆಚ್ಚಗೆ ತೊಯ್ದು ತನ್ನ ಬೆರಳಿಗೂ ಅಂಟುತ್ತಿತ್ತು.

ಆಸ್ಪತ್ರೆಯಲ್ಲಿ ಶಶಿಯ ಕೈಗೆ ಪಟ್ಟಿ ಕಟ್ಟಿದರು. ನರ್ಸ್ ಆಚೆ ಹೋದದ್ದೇ ಅವನು ಹೆಂಡತಿಯನ್ನು ಹತ್ತಿರ ಕರೆದ.

"ಡ್ರಮ್ಮಲ್ಲಿರೋದನ್ನ ಈಗ್ಲೇ ಹೋಗಿ ಒಲೆಗೆ ಹಾಕು. ಯಾರಿಗಾದ್ರೂ ತೋರ್ಸಿದ್ಯೋ, ಇನ್ನೊಂದು ಕೈ ನೆಟ್ಟಗದೆ ನಂಗೆ. ನಿಂಗಲ್ಲ, ಮೊದ್ಲು ಇದಕ್ಕೆ." ಅವನು ಗದ್ದದಿಂದ ತೋರಿಸಿದ್ದು ಮಗುವನ್ನು.

ಕಾವ್ಯಶ್ರೀ ಮನೆಗೆ ಹೋದಳು. ಡ್ರಮ್ಮಿಗೆ ಕೈ ಇಳಿಸಿ ರಿಜಿಸ್ಟರ್ ತೆಗೆದಳು, ಅಕ್ಕಿ ಕೊಡವಿದಳು. ಪೌಡರ್ ಡಬ್ಬಿ ಎತ್ತಿ ಚೀಟಿ ತೆಗೆದುಕೊಂಡಳು. ಒಲೆ ಹಚ್ಚಲಿಲ್ಲ.

ಬೂತಿನ ಬಾಗಿಲು ಎಳೆದುಕೊಂಡು ನಂಬರು ಒತ್ತಿದಳು. ಎರಡು ಸಲ ಎಂಗೇಜ್ ಬಂತು. ಮೂರನೆಯ ಸಲ ಯಾರೋ ಎತ್ತಿದರು.

"ಹುಣಸೂರಿಂದ ಮಾತಾಡ್ತಿದೀನಿ ಸಾರ್. ತೇಗದ ಕಂಪನಿ ಮೇಲೆ ದೂರು ಕೊಡ್ಬೇಕು. ಒಂದೊಂದು ಮರಾನ ಮೂರು ಮೂರು ಜನಕ್ಕೆ ಮಾರಿರೋ ರಿಜಿಸ್ಟರ್ ನನ್ನ ಕೈಲಿದೆ."

"ಯಾರಮ್ಮ ಬರೆದದ್ದು ಅದನ್ನ?"

ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

"ನನ್ನ ಗಂಡ. ಹೆಸರು ಹೇಳ್ತೀನಿ, ಬರ್ಕೊಳ್ಳಿ."