ಬಂಡೆಯ ಮೇಲೆ ಬರೆದ ಪಂಢರೀನಾಥ

ಇಳಕಲ್ಲಿನ ಕೆಂಪುಕಲ್ಲಿನ ಕ್ವಾರಿಯೊಂದರಲ್ಲಿ ಪಂಢರೀನಾಥ ಗುಮಾಸ್ತ. ಬಾಗಲಕೋಟೆಯಲ್ಲಿ ಬಿ.ಎ. ಮಾಡಿದವನು, ಸಂಸ್ಕೃತ ಬೆರೆಸದೆ ಅವನ ಪೆನ್ನು ಓಡುತ್ತಿರಲಿಲ್ಲ. ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಮದ್ದಿಗೆ ಬೆಂಕಿ ಮುಟ್ಟಿಸುವ ಬತ್ತಿಯ ಬದಲು, ಗುಂಡಿ ಒತ್ತಿ ಬಂಡೆ ಸಿಡಿಸುವ ಬ್ಯಾಟರಿ ಬಂತು. ಜೊತೆಗಿದ್ದ ಇಂಗ್ಲಿಷ್ ಸೂಚನೆಗಳನ್ನು ಅವನೇ ಕನ್ನಡಕ್ಕೆ ಇಳಿಸಿದ. ಮಾಲೀಕರು ಬೋರ್ಡು ಬರೆಸಿ ನಿಲ್ಲಿಸಿದರು.

ಕ್ವಾರಿಯವರ ರೂಢಿ ಬೇರೆ. ಒಬ್ಬ ಒಂದು ಸಾಲು ಓದಬೇಕು, ಉಳಿದವರು ಅಷ್ಟು ಮಾಡಿ ಮುಂದಿನ ಸಾಲಿಗೆ ಕಾಯಬೇಕು. ಪೂರ್ತಿ ಓದಿ ಆಮೇಲೆ ಕೆಲಸ ಹಿಡಿಯುವ ಚಾಳಿ ಕಾಲೇಜಿನವರದು.

ಮೊದಲ ದಿನ, ಆಳುಗಳಲ್ಲಿ ಓದು ಬರುತ್ತಿದ್ದ ಶಂಕ್ರಪ್ಪ ಓದಿದ: "ತಂತಿಯನ್ನು ಬ್ಯಾಟರಿಗೆ ಜೋಡಿಸಿ ಗುಂಡಿ ಒತ್ತತಕ್ಕದ್ದು." ನಜೀರಸಾಬ ಜೋಡಿಸಿದ, ಒತ್ತಿದ. ಅಮಾತೆಪ್ಪ ಇನ್ನೂ ಮದ್ದು ತುಂಬಿದ ಕುಳಿಯ ಬಾಯಿಗೆ ಮಣ್ಣು ಮೆತ್ತುತ್ತಿದ್ದ. ಬತ್ತಿಯ ಕಾಲದಲ್ಲಿ ಹಚ್ಚಿದ ಮೇಲೂ ಓಡಲು ಪುರುಸೊತ್ತು ಸಿಗುತ್ತಿತ್ತು; ಬ್ಯಾಟರಿ ಅದನ್ನು ಕೊಡಲಿಲ್ಲ. ಬಂಡೆ ಎದ್ದು ಅಮಾತೆಪ್ಪನ ಎದೆಯ ಮೇಲೆ ಬಿತ್ತು, ಅವನು ಅಲ್ಲೇ ಸತ್ತ. ಮುಂದಿನ ಸಾಲು ಬೋರ್ಡಿನ ಮೇಲೆ ಹಾಗೇ ಇತ್ತು: "ಒತ್ತುವ ಪೂರ್ವದಲ್ಲಿ ಸರ್ವರೂ ಸುರಕ್ಷಿತ ದೂರ ಸೇರಿರತಕ್ಕದ್ದು."

ಪಂಢರೀನಾಥನನ್ನು ಕಚೇರಿಯಿಂದ ಎಳೆದು ತಂದರು. ಶಂಕ್ರಪ್ಪ ಅವನ ಕುತ್ತಿಗೆ ಹಿಡಿದು ಮುಖವನ್ನು ಬೋರ್ಡಿಗೆ ಅಪ್ಪಳಿಸಿದ. "ಓದಲೇ ಮಗನ. ನೀನ ಬರದದ್ದು, ನೀನ ಓದು."

ಮೂಗು ಒಡೆಯಿತು, ಹಲ್ಲು ಉದುರಿದವು. "ಪೂರಾ ಓದಬೇಕಾಗಿತ್ತು ನೀವು," ಎಂದ ಪಂಢರೀನಾಥ. ಅದಕ್ಕೆ ಇನ್ನಷ್ಟು ಏಟು ಬಿದ್ದವು. ಬೀಳಬೇಕಾದದ್ದೇ.

ದವಾಖಾನೆಯಲ್ಲಿ ಬಿದ್ದುಕೊಂಡಾಗ ಅವನಿಗೆ ತಿಳಿಯಿತು: ಮೊದಲು ಹೇಳಬೇಕಾದದ್ದನ್ನು ತಾನು ಕೊನೆಗೆ ಬರೆದಿದ್ದ. ಆ ನಾಚಿಕೆ ಮುರಿದ ಮೂಗಿಗಿಂತ ಹೆಚ್ಚು ನೋಯಿಸಿತು. ಬೋರ್ಡು ತಿದ್ದುತ್ತೇನೆಂದರೆ ಮಾಲೀಕರು ಒಪ್ಪಲಿಲ್ಲ. "ತಿದ್ದಿದರ ತಪ್ಪು ಒಪ್ಪಿಕೊಂಡಂಗ. ಮುಟ್ಟಬ್ಯಾಡ."

ಅಷ್ಟರಲ್ಲಿ ಹುನಗುಂದದ ಕಡೆಯಿಂದ ಹೊಸ ಆಳುಗಳು ಬಂದು ಕುಳಿ ಕೊರೆಯುತ್ತಿದ್ದರು. ಅವರಲ್ಲೂ ಓದು ಬರುವವನು ಒಬ್ಬನೇ. ಪಂಢರೀನಾಥ ಸುತ್ತಿಗೆ ತಂದು ಬೋರ್ಡನ್ನು ಪುಡಿ ಮಾಡಿದ. ತಡೆಯಲು ಬಂದ ಕಾವಲುಗಾರ ಬಡಿಗೆಯಿಂದ ಅವನ ಎಡಗೈ ಮುರಿದ. ಬಲಗೈಯಿಂದಲೇ ಬಂಡೆಯ ಮೇಲೆ ಸುಣ್ಣದಲ್ಲಿ ಬರೆದ.

ಅಮಾತೆಪ್ಪನ ಹೆಂಡತಿ ಮಾಯವ್ವ ಅಲ್ಲಿ ಕಲ್ಲು ಹೊರುತ್ತಿದ್ದಳು. ಓದು ಬಾರದವಳು. "ಏನ ಬರದೀರಿ?" ಎಂದಳು.

"ಎಲ್ಲಾರೂ ದೂರ ಹೋಗ್ರಿ. ಹೋದ ಮ್ಯಾಲ ತಂತಿ ಹಚ್ಚರಿ."

"ಹಿಂಗ ಬರಿಯಾಕ ನಿಮಗ ಆವಾಗೂ ಬರ್ತಿತ್ತೇನ್ರಿ?"

"ಬರ್ತಿತ್ತು, ತಂಗಿ."

ಮಾಯವ್ವ ಬುಟ್ಟಿ ಇಳಿಸಿ, ಒಂದು ಕಲ್ಲು ಆರಿಸಿ ಅವನ ಹಣೆಗೆ ಬೀಸಿದಳು. ಅದು ಬರುವುದು ಕಂಡರೂ ಪಂಢರೀನಾಥ ಕದಲಲಿಲ್ಲ.