ಕಟ್ಟಿದವರಿಲ್ಲದ ಕೋಟೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ಈ ಸಿಟ್ಟಿಗೆ ಹೆದರಿ ಸಮಾರಂಭಗಳಲ್ಲಿ ಯಾರೂ ನನ್ನ ಕೈಗೆ ಮೈಕು ಕೊಡುವುದಿಲ್ಲ. ಕೊಡದಿದ್ದರೆ ಅಷ್ಟೇ ಹೋಯಿತು.

ಹೋದ ವರ್ಷ ಗದಗಿನಲ್ಲಿ ಶಾಲೆಗಳ ವಸ್ತುಪ್ರದರ್ಶನವಿತ್ತು. ಜಗತ್ತಿನ ಕೋಟೆಗಳು ಎಂಬ ವಿಷಯ. ನನ್ನ ಹುಡುಗಿಯರು ಕೆರಿಬಿಯನ್ ಕಡಲ ದಂಡೆಯ ಕಾರ್ತಹೇನಾ ಬಂದರನ್ನು ಆರಿಸಿಕೊಂಡರು. ಹಿಂದೆ ದಕ್ಷಿಣ ಅಮೆರಿಕದಲ್ಲಿ ಬಾಚಿದ ಬಂಗಾರವನ್ನು ಸ್ಪೇನಿನವರು ಹಡಗಿಗೆ ಹೇರುತ್ತಿದ್ದ ಊರು ಅದು. ಕಡಲ್ಗಳ್ಳರ ಭಯಕ್ಕೆ ಸುತ್ತ ಗೋಡೆ ಎಬ್ಬಿಸಿದರು. ಎಬ್ಬಿಸಿದರು ಅನ್ನುವುದು ಪುಸ್ತಕದ ಮಾತು; ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಕಲ್ಲು ಹೊತ್ತವರಲ್ಲಿ ಆಫ್ರಿಕಾದಿಂದ ಸರಪಳಿ ಬಿಗಿದು ತಂದು, ಅದೇ ಊರಿನ ಚೌಕದಲ್ಲಿ ದನಗಳ ಹಾಗೆ ಮಾರಿದ ಜನರಿದ್ದರು. ನಾನು ತರಗತಿಯಲ್ಲಿ ಇದನ್ನು ಹೇಳಿದ ಮರುದಿನ ಹುಡುಗಿಯರು ಹೊಲದಿಂದ ಕರಿಮಣ್ಣು ತಂದು ಹಲಗೆಯ ಮೇಲೆ ಆ ಕೋಟೆಯ ಮಾದರಿ ಕಟ್ಟಿದರು.

ಆಷಾಢದ ಮಂಗಳವಾರಗಳಲ್ಲಿ ಪೂಜೆಗೆಂದು ಮಣ್ಣಿನ ಗುಳ್ಳವ್ವನ ಬೊಂಬೆ ಮಾಡಿ ಪಳಗಿದ ಕೈಗಳು ಅವು. ಗುಳ್ಳವ್ವನಿಗೆ ಒತ್ತುವಂತೆಯೇ ಗುಲಗಂಜಿಯ ಕಣ್ಣು ಒತ್ತಿ, ತಲೆಯ ಮೇಲೆ ಕಲ್ಲು ಹೊತ್ತ ಗಂಡಸರನ್ನೂ ಹೆಂಗಸರನ್ನೂ ಗೋಡೆಯುದ್ದಕ್ಕೂ ನಿಲ್ಲಿಸಿದರು. ಆ ಕೆಂಪು ಕಣ್ಣುಗಳು ನೋಡಿದವರನ್ನೇ ತಿರುಗಿ ನೋಡುತ್ತಿದ್ದವು.

ಪ್ರದರ್ಶನದ ಹಿಂದಿನ ದಿನ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಬಂದರು. ತೋಪು, ಬಾವುಟ, ಗವರ್ನರನ ಮಹಲು ಎಲ್ಲವನ್ನೂ ಹೊಗಳಿದರು. ಬೊಂಬೆಗಳನ್ನು ಕಂಡು ಮುಖ ಗಂಟು ಹಾಕಿದರು. ದೊಡ್ಡವರು ಬರುವ ಕಡೆ ಗುಲಾಮರ ಗೋಳು ಯಾಕೆ, ವೈಭವವಷ್ಟೇ ಇರಲಿ, ಬೊಂಬೆ ತೆಗೆಯದಿದ್ದರೆ ಕೋಟೆ ಗದಗಿಗೆ ಹೋಗುವುದಿಲ್ಲ ಅಂದರು. ತೆಗೆಯುವುದಿಲ್ಲ ಅಂದೆ. ಅಷ್ಟರಲ್ಲಿ ತಂಡದ ಮುಂದಾಳು, ಗೋಡೆ ಕಟ್ಟುವ ಗೌಂಡಿಯ ಮಗಳು, ತಲೆಯಾಡಿಸಿ ತೆಗೆಯುತ್ತೇವೆ ಎಂದುಬಿಟ್ಟಳು. ಅಧ್ಯಕ್ಷರು ಖುಷಿಯಿಂದ ಹೊರಟರು. ನನಗೆ ಮೈಯೆಲ್ಲ ಉರಿಯಿತು.

ಆಕೆ ನನ್ನತ್ತ ನೋಡಲೂ ಇಲ್ಲ. ಒಂದು ಬೊಂಬೆ ಎತ್ತಿ ಬುಟ್ಟಿಗಿಟ್ಟಳು. ಆಮೇಲೆ ಅದು ನಿಂತಿದ್ದ ಕಡೆಯ ಗೋಡೆಯನ್ನೂ ಕಿತ್ತು ಅದರ ಪಕ್ಕದಲ್ಲೇ ಇಟ್ಟಳು. ಇನ್ನೊಂದು ಬೊಂಬೆ, ಇನ್ನೊಂದು ತುಂಡು ಗೋಡೆ. ಆಗ ನನಗೆ ತಿಳಿಯಿತು. ಸೆರಗು ಸಿಕ್ಕಿಸಿ ನಾನೂ ಕೈ ಹಾಕಿದೆ.

ಗದಗಿನ ಸಭಾಂಗಣದಲ್ಲಿ ನಮ್ಮ ಹಲಗೆಯ ಮೇಲೆ ತೋಪು, ಬಾವುಟ, ಮಹಲು ಮಾತ್ರ ಇದ್ದವು. ಸುತ್ತ ಬರೀ ಬಯಲು. ತೀರ್ಪುಗಾರರು ಬಂದರು, ಹಿಂದೆ ನಮ್ಮ ಅಧ್ಯಕ್ಷರೂ ಇದ್ದರು. ಕೋಟೆ ಎಲ್ಲಿ ಎಂದು ತೀರ್ಪುಗಾರರೊಬ್ಬರು ಕೇಳಿದರು.

ಹುಡುಗಿ ಕೈ ಕಟ್ಟಿಕೊಂಡೇ ಹೇಳಿದಳು: “ಕಟ್ಟಿದವರನ್ನ ತಗೀರಿ ಅಂದ್ರು, ತಗದೀವ್ರಿ. ಅವರು ಹೋಗೋವಾಗ ತಾವು ಕಟ್ಟಿದ್ದನ್ನ ತಗೊಂಡು ಹೋದ್ರು.”

ಬಹುಮಾನ ಹೋಯಿತೆಂದು ಅಲ್ಲೇ ಗೊತ್ತಾಯಿತು. ಆಕೆಯ ಬಾಯಿ ಮುಚ್ಚಿಸು ಎಂದು ಅಧ್ಯಕ್ಷರು ನನಗೆ ಕಣ್ಸನ್ನೆ ಮಾಡಿದರು. ನಾನು ಹುಡುಗಿಯ ಹೆಗಲ ಮೇಲೆ ಕೈಯಿಟ್ಟೆ.

“ಹಿಂದ ನಿಂತವರಿಗೆ ಕೇಳಿಸಿಲ್ಲವ್ವಾ,” ಅಂದೆ. “ಇನ್ನೊಮ್ಮೆ ಹೇಳು.”