ಆಫ್ ಅಂದ ಮೇಲೆ ಆಫ್

ಮಳವಳ್ಳಿಗೆ ಕರೆಂಟು ಬಂದ ಮೇಲೆ ‘ಆಫ್’ ಅನ್ನುವ ಮಾತು ಮನೆಮನೆಗೂ ಹೊಕ್ಕಿತು. ತಂತಿಯೇ ಎಳೆಯದ ಮನೆಗಳಲ್ಲೂ ಸೀಮೆಎಣ್ಣೆ ಬುಡ್ಡಿಯನ್ನು ಉಫ್ ಎಂದು ಊದಿ ‘ಆಫ್’ ಮಾಡುತ್ತಿದ್ದರು. ಕುಡಿದು ಬಿದ್ದವನು ಆಫ್, ಸತ್ತ ಎತ್ತು ಆಫ್, ಮುರಿದುಬಿದ್ದ ಮದುವೆ ಮಾತುಕತೆಯೂ ಆಫ್. ಮರಿಸಿದ್ದಯ್ಯನ ಹೆಂಡತಿ ಚಲುವಮ್ಮನಂತೂ ಒಲೆಯನ್ನೂ ಆಫ್ ಮಾಡುತ್ತಿದ್ದಳು. ಮರಿಸಿದ್ದಯ್ಯ ಮಾತ್ರ ಆ ಮಾತನ್ನು ಹಾಗೆಲ್ಲ ಬಾಯಿಗೆ ತಂದವನಲ್ಲ.

ಅವನು ಹೊಲಗೇರಿಯಿಂದ ಕಂಬ ಹೊರುವ ಕೂಲಿಗೆ ಬಂದವನು. ಹೊತ್ತು ಹೊತ್ತು ಹೆಗಲು ಜಡ್ಡುಗಟ್ಟಿದ ಮೇಲೆ ಲೈನ್‌ಮನ್ ಸಿದ್ದರಾಜು ಅವನನ್ನು ಸ್ವಿಚ್ಚಿನ ಶೆಡ್ಡಿನ ಕಾವಲಿಗೆ ಹಾಕಿಸಿದ. ಕಲಿಸಿದ್ದು ಒಂದೇ ಪಾಠ: “ನಾನು ಕಂಬ ಅತ್ತೋಕೆ ಮುಂಚೆ ಆಫ್ ಅಂತೀನಿ. ನೀನು ಈ ಸ್ವಿಚ್ಚಿನ ಇಡಿ ಕೆಳಕ್ಕೆ ಎಳೀಬೇಕು. ನಾನೇ ಬಂದು ಆನ್ ಅನ್ನೋಗಂಟ ದೇವ್ರೇ ಬಂದ್ರೂ ಮುಟ್ಟುಸ್ಬ್ಯಾಡ ಕಣ್ಲಾ.” ಕೆಲಸ ಸಿಕ್ಕಿದ ದಿನ ಕೇರಿಯವರೆಲ್ಲ ಅವನನ್ನು ನೋಡಲು ಬಂದಿದ್ದರು. ತಿಂಗಳ ಸಂಬಳ ಅಂದರೆ ಸುಮ್ಮನೆಯೇ?

ಆವತ್ತು ಸಂಜೆ ಗಾಳಿಗೆ ಹುಣಸೆ ಕೊಂಬೆ ಮುರಿದು ತಂತಿಯ ಮೇಲೆ ಬಿತ್ತು. ಸಿದ್ದರಾಜು “ಆಫ್” ಅಂದ; ಮರಿಸಿದ್ದಯ್ಯ ಹಿಡಿ ಕೆಳಕ್ಕೆಳೆದ ಮೇಲೆ ಏಣಿ ಹೊತ್ತು ಕೆರೆಯ ಕಡೆ ಹೋದ. ಶೆಡ್ಡಿನಿಂದ ಆ ಕಂಬ ಕಾಣದು. ಅದೇ ಹೊತ್ತಿಗೆ ಅಗ್ರಹಾರದಲ್ಲಿ ಯೋಗಾನರಸಿಂಹ ಅಯ್ಯಂಗಾರರ ಮಗಳಿಗೆ ಗೋಧೂಳಿ ಲಗ್ನ. ಚಪ್ಪರದ ತುಂಬ ಕರೆಂಟು ದೀಪ ಹಾಕಿಸುತ್ತೇನೆಂದು ಮೈಸೂರಿನ ಬೀಗರ ಹತ್ತಿರ ಕೊಚ್ಚಿಕೊಂಡಿದ್ದರು. ಈಗ ಬೀಗರು ಕತ್ತಲಲ್ಲಿ ಕೂತಿದ್ದರು.

ಅಯ್ಯಂಗಾರರು ಪಂಚೆ ಎತ್ತಿಕೊಂಡು ಶೆಡ್ಡಿಗೆ ಓಡಿಬಂದರು. ಹಿಂದೆಯೇ ತಮ್ಮನ ಮಗ ರಾಮಾನುಜ.

“ಏ ಮರಿಸಿದ್ದ, ಹಾಕೋ ಅದನ್ನ!”

“ಆಗಾಕಿಲ್ಲ ಬುದ್ಧಿ. ಸಿದ್ದರಾಜಪ್ಪೋರು ಕಂಬದ ಮ್ಯಾಲವ್ರೆ.”

“ನಾನೇ ನೋಡಿಬಂದೆ. ಅವನು ಇಳಿದಾಯ್ತು. ಹಾಕು ಅಂದ,” ಎಂದ ರಾಮಾನುಜ. ದೂರದಿಂದ ಬರಿ ಏಣಿ ಕಂಡು ಹಾಗಂದುಕೊಂಡನೋ, ಹಸೀ ಸುಳ್ಳೇ ಹೇಳಿದನೋ, ಆ ಪುಣ್ಯಾತ್ಮನಿಗೇ ಗೊತ್ತು.

ಮರಿಸಿದ್ದಯ್ಯ ಕೆರೆಯ ಕಡೆ ಕತ್ತು ಚಾಚಿದ. ನಿಜವಾಗಿ ಇಳಿದಿದ್ದರೆ, ಈ ಹಟಕ್ಕೆ ಕೆಲಸ ಹೋಗುತ್ತದೆ. ಇಳಿದಿಲ್ಲದಿದ್ದರೆ, ಸಿದ್ದರಾಜು ಕಂಬದ ಮೇಲೇ ಸುಟ್ಟು ಕರಕಾಗುತ್ತಾನೆ.

“ಅವರ ಬಾಯಿಂದ್ಲೇ ಬರ್ಬೇಕು ಬುದ್ಧಿ.”

“ನಾಳೆಯಿಂದ ಈ ಕೆಲಸ ನಿನಗೆ ಹೇಗಿರುತ್ತೋ ನೋಡ್ತೀನಿ. ದಾರಿ ಬಿಡೋ!” ಎಂದರು ಅಯ್ಯಂಗಾರರು.

ದಾರಿ ಬಿಟ್ಟುಬಿಟ್ಟೇ ಬಾಳಿದವನು ಮರಿಸಿದ್ದಯ್ಯ. ಮಡಿಯುಟ್ಟವರು ಎದುರಾದರೆ ಮೋರಿಗಾದರೂ ಇಳಿದು ನಿಲ್ಲುತ್ತಿದ್ದ. ಈಗಲೂ ಕಾಲು ತಾನಾಗಿಯೇ ಆಚೆಗೆ ಹೊರಟಿತು. ಹೊರಟ ಕಾಲನ್ನು ಎಳೆದುಕೊಂಡು, ಸ್ವಿಚ್ಚಿನ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತುಬಿಟ್ಟ.

ಅಯ್ಯಂಗಾರರ ಕೈ ಅವನ ಹೆಗಲ ತನಕ ಬಂದು ಗಕ್ಕನೆ ನಿಂತಿತು. ಧಾರೆ ಎರೆಯಬೇಕಾದ ಕೈ. ಇವನನ್ನು ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಮಡಿ; ಅಷ್ಟರಲ್ಲಿ ಲಗ್ನ ಮೀರುತ್ತದೆ.

“ರಾಮಾನುಜ, ಎಳೆಯೋ ಇವನನ್ನ!”

ರಾಮಾನುಜನೂ ಮಡಿಯಲ್ಲಿದ್ದ. ಬೇಲಿಯ ಗೂಟ ಕಿತ್ತು ತಂದ. ಮೊದಲ ಏಟು ಮಂಡಿಗೆ ಬಿತ್ತು, ಆಮೇಲಿನದು ಮೊಣಕೈಗೆ. ಮರಿಸಿದ್ದಯ್ಯನ ಕಣ್ಣಲ್ಲಿ ನೀರು ಬಂತು. ಪೆಟ್ಟಿಗೆ ಬಿಟ್ಟು ಕದಲಲಿಲ್ಲ.

“ಅವನು ಮನೆಗೆ ಹೋಗಿ ಉಣ್ತಾ ಕೂತಿದ್ದರೆ ಏನೋ ಮಾಡ್ತೀಯ, ಮುಠ್ಠಾಳ?” ಎಂದು ಅಯ್ಯಂಗಾರರು ಕಿರುಚಿದರು.

“ಬಂದು ಯೋಳ್ಲಿ ಬುದ್ಧಿ.”

ಗೂಟ ಮತ್ತೆ ಎದ್ದಿತು. ಅಷ್ಟರಲ್ಲಿ ಕೆರೆಯ ಕಡೆಯಿಂದ ಸಿದ್ದರಾಜು ಏದುಸಿರು ಬಿಡುತ್ತ ಬಂದ, ಸೊಂಟಕ್ಕಿನ್ನೂ ಹಗ್ಗ ಸುತ್ತಿತ್ತು.

“ಏನ್ ಗಲಾಟೆ ಇದು? ಏಣಿ ಅಲ್ಲೇ ಬುಟ್ಟು ಅಗ್ಗ ಕಟ್ಕೊಂಡು ಮುಂದ್ಲ ಕಂಬ ಅತ್ತಿದ್ದೆ. ಈಗಿನ್ನೂ ಇಳ್ದೆ.”

ರಾಮಾನುಜನ ಕೈಯಿಂದ ಗೂಟ ಜಾರಿತು. ಪೆಟ್ಟಿಗೆಗೆ ಆತು ನಿಂತವನನ್ನೂ, ಗೂಟವನ್ನೂ ನೋಡಿದ ಸಿದ್ದರಾಜುವಿಗೆ ಎಲ್ಲ ಅರ್ಥವಾಯಿತು. ಸೊಂಟದ ಹಗ್ಗ ಬಿಚ್ಚುತ್ತ ಅಲ್ಲೇ ಕೂತ. “ಆನ್” ಅಂದ, ಕೇಳಿಸಿಯೂ ಕೇಳಿಸದಂತೆ.

ಮರಿಸಿದ್ದಯ್ಯ ಹಿಡಿ ಎತ್ತಿದ. ಅಗ್ರಹಾರದ ಕಡೆ ಬೆಳಕಾಯಿತು, ವಾಲಗ ಎದ್ದಿತು. ಅಯ್ಯಂಗಾರರು ಬಿರಬಿರನೆ ನಡೆದರು, ರಾಮಾನುಜ ಅವರ ಹಿಂದೆ.

ಸಿದ್ದರಾಜು ಮರಿಸಿದ್ದಯ್ಯನ ಊದಿದ ಮಂಡಿಯನ್ನೇ ನೋಡುತ್ತಿದ್ದ. “ಅವರು ಇಬ್ಬರಿದ್ರಲ್ಲ. ಯಾಕ್ಲಾ ನಿನ್ನ ಎಳ್ದು ಆಚ್ಗೆ ಆಕ್ನಿಲ್ಲ?”

“ಮುಟ್ಟಬೇಕಾಗಿತ್ತಲ್ಲಪ್ಪೋ ನನ್ನ.”

ಇಷ್ಟು ವರ್ಷ ಅವನ ಅಂಗೈಗೆ ಎಲೆಯಡಿಕೆಯನ್ನು ಕೈ ತಾಕದಂತೆ ಮೇಲಿಂದಲೇ ಉದುರಿಸುತ್ತಿದ್ದ ಸಿದ್ದರಾಜು ತಲೆ ಎತ್ತಲಿಲ್ಲ.